ನಾಲ್ಕನೇ ಬಣ್ಣವೂ ಬಿತ್ತು, ಇನ್ನು ಧನ್ಯವಾದ

ಲಿನೋ (ಕೆತ್ತಿ, ಬಣ್ಣ ಸವರಿ ಅಚ್ಚೊತ್ತುವ ಮೆತ್ತನೆಯ ಲಿನೋಲಿಯಂ ಹಾಳೆ) ಬಳಸಿ ನಾನು ಮಾಡಿದ ಅಚ್ಚುಗಳು ಪ್ರದರ್ಶನದ ಗೋಡೆ ಏರಿ, ಇಳಿದೂ ಆಯಿತು. ನಡುವೆ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಅಚ್ಚೊತ್ತುವ ಪ್ರೆಸ್ ಬಿಟ್ಟುಕೊಟ್ಟವರು, ಫ್ರೇಮ್ ಹಾಕಿದವರು, ಕುರ್ಚಿ ಜೋಡಿಸಿದವರು, ಬಂದು ನೋಡಿದವರು, ಬರಲಾಗದೆ ಫೋನ್ ಮಾಡಿದವರು, ಎಲ್ಲರಿಗೂ ಮನಸಾರೆ ವಂದನೆ. ಮಿಕ್ಕ ಜಾಗ ಅಮ್ಮನದು.

ಅಮ್ಮ ಬಟ್ಟೆ ಹೊಲಿಯುವವಳು. ಚಿತ್ರದ ಬಗ್ಗೆ ಏನೂ ಹೇಳಿಕೊಟ್ಟವಳಲ್ಲ. ಹೆಸರಾಂತ ಚಿತ್ರಕಾರ ಪಿಕಾಸೊನ ಅಪ್ಪ ಚಿತ್ರಕಲಾ ಮೇಷ್ಟ್ರು, ಪಾರಿವಾಳಗಳನ್ನು ಬರೆಯುತ್ತಿದ್ದವರು. ಆದರೂ ಒಂದೇ ಲಿನೋ ಹಾಳೆಯನ್ನು ಕೆತ್ತುತ್ತ ಹೋಗಿ ಹಲವು ಬಣ್ಣ ಒತ್ತುವ ರಿಡಕ್ಷನ್ ವಿಧಾನಕ್ಕೆ ಮಗ ಕೈ ಹಾಕಿದ್ದು 1950ರ ದಶಕದ ಕೊನೆಗೆ, ಎಪ್ಪತ್ತು ದಾಟಿದ ಮೇಲೆ. ನನ್ನ ಅಚ್ಚುಗಳದ್ದೂ ಅದೇ ವಿಧಾನ, ಅದಕ್ಕೆ ಬೇಕಾದ ಬುದ್ಧಿ ಹೊಲಿಗೆಯವರ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ.

ಯಾಕೆಂದರೆ ಇಲ್ಲಿ ಹಿಂದಕ್ಕೆ ಬರುವ ದಾರಿ ಇಲ್ಲ. ಮೊದಲು ಕಾಗದದ ಬಿಳಿ ಎಲ್ಲಿ ಉಳಿಯಬೇಕೋ ಅಷ್ಟನ್ನು ಕೆತ್ತಿ, ಎಲ್ಲ ಪ್ರತಿಗಳಿಗೂ ಅತಿ ತಿಳಿಯಾದ ಬಣ್ಣ ಒತ್ತಬೇಕು. ಆಮೇಲೆ ಆ ತಿಳಿ ಬಣ್ಣ ಕಾಣಬೇಕಾದ ಜಾಗವನ್ನು ಅದೇ ಲಿನೋದಲ್ಲಿ ಕೆತ್ತಿ, ಎರಡನೆಯದನ್ನು ಅದರ ಮೇಲೆ ಒತ್ತಬೇಕು. ಕೊನೆಯ ಗಾಢ ಬಣ್ಣದ ಹೊತ್ತಿಗೆ ಲಿನೋ ಬಹುಪಾಲು ಖಾಲಿ. ಪ್ರತಿ ಕಡಿಮೆ ಬಿತ್ತು ಅಂತ ಮತ್ತೆ ಮೊದಲನೇ ಬಣ್ಣಕ್ಕೆ ಹೋಗಲಾಗದು. ಇಪ್ಪತ್ತು ಪ್ರತಿ ಬೇಕಿದ್ದರೆ ಮೂವತ್ತು ಕಾಗದದ ಹಾಳೆಯಿಂದ ಶುರು ಮಾಡಬೇಕು, ಬಣ್ಣಕ್ಕೆ ಎರಡು ಮೂರು ಕೆಡುತ್ತವೆ. ಕತ್ತರಿ ಹಾಕುವ ಮುಂಚೆ ಲೆಕ್ಕ ಮುಗಿಸು, ಹೊಲಿಗೆಗೆ ಅಂತ ಬಟ್ಟೆ ಬಿಟ್ಟುಕೋ, ಒಳಗಡೆಯಿಂದ ಯೋಚಿಸು: ಅಮ್ಮ ರವಿಕೆಗೆ ಹೇಳುತ್ತಿದ್ದುದೇ ಇದು. ಅಚ್ಚು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಬೀಳುತ್ತದೆ, ಹಾಗಾಗಿ ತಿರುಗುಮುರುಗಾಗಿ ಕೆತ್ತುವುದು ಕಷ್ಟ ಅನ್ನುವವರು ಒಮ್ಮೆ ತೋಳನ್ನು ಒಳಮಗ್ಗುಲಲ್ಲಿ ಜೋಡಿಸಿ ನೋಡಬೇಕು.

ಮೂರನೇ ಬಣ್ಣದ ರಾತ್ರಿ ಅವಳು ಪಕ್ಕದಲ್ಲೇ ಕೂತಿದ್ದಳು. ಬಣ್ಣದ ಅಂಚಿನಲ್ಲಿ ತೆಳು ಗೆರೆಯಂತೆ ಕೆಳಗಿನ ಬಣ್ಣ ಇಣುಕುತ್ತಿತ್ತು. ಎಲ್ಲರೂ ಹೇಳಿದ್ದು, ಹಾಳೆ ಸರಿಯಾಗಿ ಕೂರಿಸಿಲ್ಲ ಅಂತ. ಅಮ್ಮ ಟೇಪು ತಂದು ಅಳೆದಳು. ಹಾಳೆಯನ್ನು ಆನಿಸುವ ಮೂಲೆಯಲ್ಲಿ ವ್ಯತ್ಯಾಸವೇ ಇಲ್ಲ, ದೂರ ಹೋದಂತೆ ಬೆಳೆದು ಆಚೆ ಅಂಚಿನಲ್ಲಿ ಒಂದು ಮಿಲಿಮೀಟರ್. ಕೂರಿಸುವಾಗ ಹಾಳೆ ಇಡಿಯಾಗಿ ಜರುಗಿದ್ದರೆ ಎಲ್ಲ ಕಡೆ ಒಂದೇ ಸಮ ಸರಿಯಬೇಕಿತ್ತು. "ಇದು ಕೈ ತಪ್ಪಲ್ಲ ಕಣೋ, ಬಟ್ಟೆ ಹಿಗ್ಗಿದೆ. ಇದಕ್ಕೆ ಹಾಸು ಯಾವ ಕಡೆ, ಹೊಕ್ಕು ಯಾವ ಕಡೆ?" ಅಂದಳು.

ಕಾಗದಕ್ಕೂ ಅದು ಇದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಹೀರಿದ ನಾರು ಉದ್ದಕ್ಕಿಂತ ಅಗಲಕ್ಕೇ ಜಾಸ್ತಿ ಉಬ್ಬುವುದರಿಂದ ಹಾಳೆ ಅಡ್ಡಕ್ಕೆ ಬೆಳೆಯುತ್ತದೆ. ದಿಕ್ಕು ತಿಳಿಯಲು ಹಾಳೆಯ ಮೂಲೆಯಿಂದ ಚಿಕ್ಕ ಚೌಕ ಕತ್ತರಿಸಿ ಒಂದೇ ಮಗ್ಗುಲು ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆ ಮಲಗಿದ ದಿಕ್ಕೇ ನಾರಿನ ದಿಕ್ಕು. ಹರಿದೂ ನೋಡಬಹುದು: ನಾರಿನ ಗುಂಟ ನೇರ ಹರಿಯುತ್ತದೆ, ಅಡ್ಡಕ್ಕೆ ಅಂಕುಡೊಂಕು. ಅಂದು ಮಳೆಗಾಳಿಗೆ ಹಾಳೆಗಳು ಹಿಗ್ಗಿದ್ದವು, ಅಷ್ಟೆ. ಒಣ ಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ ಹೇರಿ, ಕಾಗದ ಬದಲಿಸುತ್ತ ಬೆಳಗಿನವರೆಗೆ ಕೂತವಳು ಅವಳೇ. ಹಾಳೆಗಳು ಹೆಚ್ಚುಕಡಿಮೆ ಹಳೆಯ ಅಳತೆಗೆ ಮರಳಿದವು.

ಈ ಬುದ್ಧಿಗೆ ಒಂದು ಬೆಲೆಯೂ ಇದೆ, ಅದನ್ನೂ ಬರೆದುಬಿಡುತ್ತೇನೆ. ಯಾವ ಚಿತ್ರ ಕೊಟ್ಟರೂ ಅಮ್ಮ ಮೊದಲು ಹಿಂದು ತಿರುಗಿಸಿ ನೋಡುತ್ತಾಳೆ. ಹೊಲಿಗೆಯ ಚೊಕ್ಕತನ ಹಿಂದೆ ಕಾಣುತ್ತದಲ್ಲ, ಆ ಅಭ್ಯಾಸ. "ಚೆನ್ನಾಗಿದೆ" ಅನ್ನುವ ಮಾತಿಗೆ ಕಾಯುವ ಮಗುವಿಗೆ ಅದು ಎಷ್ಟು ಚುಚ್ಚುತ್ತದೆ ಅಂದರೆ, ಹೇಳಲಾಗದು. ಲೆಕ್ಕವಿಲ್ಲದೆ ಸುಮ್ಮನೆ ಗೀಚುವುದು ಇಂದಿಗೂ ಕೈಗೆ ಬರುವುದಿಲ್ಲ. ಅದು ಬಟ್ಟೆ ಹಾಳು ಮಾಡಿದಂತೆ ಅನಿಸುತ್ತದೆ.

ಹಾಗಿದ್ದೂ ಇಂಕು ಹದವಾಗಿದೆಯೇ ಅಂತ ಅವಳೇ ಕಿವಿಯಿಂದ ಹೇಳಬಲ್ಲಳು. ರೋಲರ್ ಕೆಳಗೆ ಚುರುಚುರು ಸದ್ದು ಬಂದರೆ ಸರಿ, ಪಚಪಚ ಅಂದರೆ ಜಾಸ್ತಿ. ಜಾಸ್ತಿಯಾದ ಪದರ ಹೊಳಪಾಗಿ ಒಣಗಿ, ಮೇಲಿನ ಬಣ್ಣವನ್ನು ಹಿಡಿಯದೆ ಬಿಡುತ್ತದೆ. ಹೊಲಿಗೆ ಯಂತ್ರದ ಸದ್ದಿನಲ್ಲೇ ದಾರದ ಬಿಗಿ ಹಿಡಿಯುವವಳಿಗೆ ಇದೇನು ಮಹಾ.

ಅಮ್ಮಾ, ಮುಂದಿನ ಸರಣಿಯ ಹಾಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಕತ್ತರಿಸಿ, ಹಿಂಬದಿ ಪೆನ್ಸಿಲಿನಲ್ಲಿ ಬಾಣ ಹಾಕಿ, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ. ಬಂದು ಒಮ್ಮೆ ಅಳೆದು ಹೋಗು.

ಪ್ರತಿ ತೆಗೆದುಕೊಂಡವರಿಗೆ ಒಂದು ಮಾತು: ಇಂಕು ಎಣ್ಣೆಯದು, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಇನ್ನೂ ಹಸಿ ಇರಬಹುದು. ಗಾಜು ಹಾಕಿಸುವವರು ಕೆಲವು ವಾರ ತಡೆಯಿರಿ, ಹಾಕಿಸುವಾಗಲೂ ಗಾಜಿಗೂ ಹಾಳೆಗೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ) ಅಂತರ ಇರಲಿ.