ಯಾವ ಕಿಲೋಮೀಟರು ಯಾರದು: ಮೊದಲ ಮ್ಯಾರಥಾನಿನ ಋಣದ ಪಟ್ಟಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಜಾವ ಓಡುವ ನಮ್ಮ ಬಳಗದ ಹೊಸಬರು ಜನವರಿಯ ಮುಂಬೈ ಮ್ಯಾರಥಾನಿನಲ್ಲಿ ಪೂರ್ತಿ 42.195 ಕಿ.ಮೀ. ಓಡಿ ಬಂದಿದ್ದಾರೆ. ಅವರಿಗೆಲ್ಲ ಇದು ಮೊದಲ ಫುಲ್. ಓಡಿದವರ ಕೊರಳಿಗೆ ಪದಕ ಬಿತ್ತು, ಅವರನ್ನು ನಾಲ್ಕು ತಿಂಗಳು ಸಹಿಸಿಕೊಂಡ ಮನೆಮಂದಿಗೆ ಸಿಕ್ಕಿದ್ದು ಒಗೆಯಲು ಬೆವರು ಬಟ್ಟೆ. ಆ ಬಾಕಿಯನ್ನು ಒಂದಿಷ್ಟಾದರೂ ತೀರಿಸಲು ಅವರ ಪರವಾಗಿ ಬಳಗದ ಹಳಬರು ಬರೆಯುತ್ತಿರುವ ಕೃತಜ್ಞತೆ ಇದು. ಹೊಸಬರು ಒಂದೊಂದು ಕಿಲೋಮೀಟರನ್ನೂ ಒಬ್ಬೊಬ್ಬರ ಹೆಸರಿಗೆ ಬರೆದು ಓಡಿದರು. "ಎಲ್ಲರಿಗೂ ಧನ್ಯವಾದ" ಎಂದು ಒಟ್ಟಾರೆ ಹೇಳಿದರೆ ಅದು ಯಾರಿಗೂ ಮುಟ್ಟುವುದಿಲ್ಲ. ಯಾರು ಏನು ಮಾಡಿದ್ದರಿಂದ ಯಾವ ಕಿಲೋಮೀಟರು ದಾಟಿತು ಎಂದು ಬಿಡಿಸಿ ಹೇಳಿದರೆ ಅವರಿಗೂ ಗೊತ್ತಾಗುತ್ತದೆ, ಮುಂದಿನ ಸಲ ಓಡುವವರ ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ.

ಪಟ್ಟಿ ಮಾಡುವುದು ಹೇಗೆ ಎಂದು ಕೇಳಿದವರು ಬಹಳ. ಅಂಗೈ ಅಗಲದ ಕಾಗದದ ಮೇಲೆ ಬಾಲ್ ಪೆನ್ನಿನಲ್ಲಿ 42 ಹೆಸರು ಬರೆಯಬೇಕು. ಜೆಲ್ ಪೆನ್ನಾದರೆ ಬೆವರಿಗೆ ಕಲಸಿಹೋಗುತ್ತದೆ. ಎರಡೂ ಬದಿಗೆ ಸೆಲ್ಲೋ ಟೇಪು ಅಂಟಿಸಿ, ಎದೆಯ ಬಿಬ್ಬಿನ (ಓಟಗಾರರ ನಂಬರಿನ ಹಾಳೆಯ) ಕೆಳಅಂಚಿಗೆ ತಲೆಕೆಳಗಾಗಿ ಹಚ್ಚಿದರೆ, ಓಡುತ್ತಲೇ ಅಂಚನ್ನು ಮೇಲೆತ್ತಿ ಬಗ್ಗಿ ನೋಡಿದಾಗ ಅಕ್ಷರ ಸರಿಯಾಗಿ ಕಾಣುತ್ತದೆ. ಬಿಬ್ಬಿನ ಹಿಂದೆ ಟೈಮಿಂಗ್ ಚಿಪ್ಪಿರುತ್ತದೆ. ಅದಕ್ಕೆ ಪಿನ್ನು ಚುಚ್ಚಿದರೆ ಅಥವಾ ಅದನ್ನು ಮಡಿಸಿದರೆ ಚಿಪ್ ಓದಲು ದಾರಿಗೆ ಹಾಸಿದ ಮ್ಯಾಟುಗಳಲ್ಲಿ ಸಮಯ ದಾಖಲಾಗದೆ ಹೋಗಬಹುದು, ಜೋಪಾನ. ಹೆಸರು ಬದಲಿಸಲು ರಸ್ತೆಬದಿಯ ಬೋರ್ಡನ್ನೇ ನಂಬಬೇಕು, ಕೈಗಡಿಯಾರವನ್ನಲ್ಲ. ತಿರುವಿನಲ್ಲಿ ಹೊರಗಿನಿಂದ ಬಳಸುವುದು, ಜನರನ್ನು ದಾಟಲು ಅಡ್ಡಾದಿಡ್ಡಿ ಓಡುವುದು, ಎತ್ತರದ ಕಟ್ಟಡಗಳಿಗೆ ಜಿಪಿಎಸ್ ಸಿಗ್ನಲ್ ಬಡಿದು ತಿರುಗುವುದು, ಎಲ್ಲ ಸೇರಿ ಗಡಿಯಾರ ಕೊನೆಗೆ ನಾನೂರು ಐನೂರು ಮೀಟರು ಹೆಚ್ಚೇ ತೋರಿಸುತ್ತದೆ. ಅದನ್ನು ನೆಚ್ಚಿದರೆ ಅತ್ತೆಯವರ ಕಿಲೋಮೀಟರು ಅರ್ಧ ನಾದಿನಿಗೆ ಹೋಗುತ್ತದೆ, ಆಮೇಲಿನ ಪಂಚಾಯಿತಿ ಯಾರಿಗೆ ಬೇಕು? ಷಿಕಾಗೋ, ನ್ಯೂಯಾರ್ಕ್ ಕಡೆ ಓಡುವ ನಮ್ಮ ಕನ್ನಡದವರು ಮೈಲಿಯ ಲೆಕ್ಕ ಹಿಡಿಯುತ್ತಾರೆ. ಅವರ ಪಟ್ಟಿಯಲ್ಲಿ 26 ಹೆಸರು, ಮೇಲೆ 385 ಗಜ.

ಮೊದಲ ಐದು ಕಿಲೋಮೀಟರು ಭಾನುವಾರಗಳನ್ನು ಬಿಟ್ಟುಕೊಟ್ಟ ಗಂಡಂದಿರಿಗೆ, ಹೆಂಡಂದಿರಿಗೆ. ಅಭ್ಯಾಸದ ಭಾನುವಾರದ ಉದ್ದ ಓಟ 16 ಕಿ.ಮೀ.ಯಿಂದ ಏರುತ್ತಾ 30, 32ಕ್ಕೆ ಮುಟ್ಟುತ್ತದೆ. 32 ಕಿ.ಮೀ. ಎಂದರೆ ನಾಲ್ಕು ಗಂಟೆಗೂ ಮೇಲೆ ಓಟ, ಆಮೇಲೆ ಸ್ನಾನ, ತಿಂಡಿ, ಮಧ್ಯಾಹ್ನದವರೆಗೆ ಸತ್ತ ಹೆಣದಂಥ ನಿದ್ದೆ. ಅಷ್ಟು ಹೊತ್ತು ಹಾಲು, ಮಾರ್ಕೆಟ್ಟು, ಮಕ್ಕಳ ಹೋಂವರ್ಕು, ಬಂದ ನೆಂಟರು ಎಲ್ಲ ಇನ್ನೊಬ್ಬರ ತಲೆಗೆ. ಇವರ ಹೆಸರನ್ನು ಮೊದಲಲ್ಲೇ ಇಟ್ಟದ್ದಕ್ಕೆ ಕಾರಣವಿದೆ. ಆರಂಭದಲ್ಲಿ ಬೇಕಾದ್ದು ತಾಳ್ಮೆ. ಐದು ಗಂಟೆಯ ಗುರಿ ಇಟ್ಟವರ ಸರಾಸರಿ ಕಿ.ಮೀ.ಗೆ 7 ನಿಮಿಷ 6 ಸೆಕೆಂಡು, ಆದರೆ ಮೊದಲ ಐದನ್ನು 7:20ರ ಆಸುಪಾಸಿನಲ್ಲಿ ಓಡಬೇಕು. ಓಟ ಶುರುವಾಗುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರಿನ ದೀಪ, ಡೋಲು, ಜನರ ನೂಕಿಗೆ ಕಾಲು ತಾನಾಗಿಯೇ 6:40ಕ್ಕೆ ಹೋಗುತ್ತದೆ. ಹತ್ತು ಕಿ.ಮೀ.ಗೆ ಹೀಗೆ ಗಳಿಸಿದ ನಾಲ್ಕೈದು ನಿಮಿಷವನ್ನು ಕೊನೆಯ ಹತ್ತು ಕಿ.ಮೀ. ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ.

6ರಿಂದ 14 ಅಡುಗೆಮನೆಗೆ. ಒಂಬತ್ತು ಕಿಲೋಮೀಟರು ಕೊಟ್ಟದ್ದು ಜಾಸ್ತಿಯಾಯಿತು ಎನ್ನುವವರು ಲೆಕ್ಕ ನೋಡಲಿ. ಓಟದಲ್ಲಿ ಖರ್ಚಾಗುವ ಶಕ್ತಿ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿ.ಮೀ.ಗೆ ಸುಮಾರು ಒಂದು ಕಿಲೋಕ್ಯಾಲರಿ. 60 ಕೆ.ಜಿ.ಯವರಿಗೆ ಫುಲ್ ಮುಗಿಸಲು ಸುಮಾರು 2,500 ಬೇಕು. ಸ್ನಾಯು, ಯಕೃತ್ತುಗಳಲ್ಲಿ ಗ್ಲೈಕೋಜೆನ್ (ಮೈ ಕೂಡಿಡುವ ಸಕ್ಕರೆ) ಆಗಿ ಕೂಡಿಡಬಹುದಾದ್ದು ಚೆನ್ನಾಗಿ ಉಂಡಿದ್ದರೂ 2,000ದ ಆಸುಪಾಸು. ಕೊಬ್ಬೂ ಉರಿಯುತ್ತದೆ, ಆದರೆ ನಿಧಾನ. ಆದ್ದರಿಂದ ಓಟದ ಹಿಂದಿನ ಎರಡು ದಿನ ಮೈತೂಕದ ಪ್ರತಿ ಕಿಲೋಗೆ 8ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. 60 ಕೆ.ಜಿ.ಯವರಿಗೆ ದಿನಕ್ಕೆ ಕಡಿಮೆಯೆಂದರೂ 480 ಗ್ರಾಂ. ನಮ್ಮ ಅಡುಗೆಯಲ್ಲಿ ಹೇಳುವುದಾದರೆ: 300 ಗ್ರಾಂ ಅಕ್ಕಿಯ ಅನ್ನ, 100 ಗ್ರಾಂ ಅವಲಕ್ಕಿ, ದೊಡ್ಡ ಬಾಳೆಹಣ್ಣು ಮೂರು, ಬ್ರೆಡ್ಡು ನಾಲ್ಕು ಚೂರು, 60 ಗ್ರಾಂ ಬೆಲ್ಲದ ಪಾನಕ. ಇಷ್ಟನ್ನು ಐದಾರು ಸಲ ಹಂಚಿ ಕೊಡಬೇಕು. ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುವುದರಿಂದ ತೂಕ ಒಂದು ಒಂದೂವರೆ ಕಿಲೋ ಏರಿದರೆ ಗಾಬರಿ ಬೇಡ.

ನಮ್ಮ ಕಡೆಯ ಅಮ್ಮಂದಿರಿಗೆ ಇಲ್ಲಿ ನಿಜವಾದ ಕಷ್ಟವಿತ್ತು. ತಿಂಗಳುಗಟ್ಟಲೆ ಮುದ್ದೆ, ಬಸ್ಸಾರು, ಹುರುಳಿಕಾಳು ತಿನ್ನಿಸಿ ಕಾಲಿಗೆ ಬಲ ತಂದವರೇ ಅವರು. ಆದರೆ ಶುಕ್ರವಾರ, ಶನಿವಾರ ಆ ಊಟ ಬಂದ್. ಸೊಪ್ಪು, ಕಾಳು, ರಾಗಿಯ ನಾರು ಕರುಳಿನಲ್ಲಿ ಉಳಿದರೆ ಓಟದ ಕುಲುಕಾಟಕ್ಕೆ ಹೊಟ್ಟೆ ಕಿವುಚಿ, ಸಂಚಾರಿ ಶೌಚಾಲಯದ ಸಾಲಿನಲ್ಲಿ ನಿಲ್ಲಿಸುತ್ತದೆ. "ಬರೀ ಬಿಳಿ ಅನ್ನ ತಿಂದು ಅಷ್ಟು ದೂರ ಓಡ್ತೀಯೇನೋ" ಎಂದು ಕೇಳುತ್ತಲೇ ತಿಳಿಸಾರು, ಮೊಸರನ್ನ ಬಡಿಸಿದರಲ್ಲ, ಆ ತಾಯಂದಿರಿಗೆ ಈ ಒಂಬತ್ತರಲ್ಲಿ ಏಳು. ಉಳಿದೆರಡು ಮುಂಬೈಯ ಮಾಟುಂಗಾದಲ್ಲಿ ಮನೆ ಬಿಟ್ಟುಕೊಟ್ಟ ಚಿಕ್ಕಮ್ಮಂದಿರಿಗೆ. ಐದಕ್ಕೆ ಓಟ ಶುರುವಾಗಬೇಕಾದರೆ ತಿಂಡಿ ಎರಡಕ್ಕೇ ಆಗಬೇಕು, ಹೊಟ್ಟೆ ಖಾಲಿಯಾಗಲು ಮೂರು ತಾಸು ಬೇಕು. ಒಗ್ಗರಣೆಗೆ ಎಣ್ಣೆ ಅರ್ಧ ಚಮಚ, ಕಡಲೆಬೀಜವಿಲ್ಲದ, ಸಕ್ಕರೆ ಬೆರೆಸಿದ ಅವಲಕ್ಕಿ ಒಂದು ಬಟ್ಟಲು, ಬಾಳೆಹಣ್ಣು. ರಾತ್ರಿ ಒಂದೂವರೆಗೆ ಎದ್ದು ಅದನ್ನು ಮಾಡಿಕೊಡಲು ಚಿಕ್ಕಮ್ಮನೇ ಬೇಕು, ಯಾವ ಹೋಟೆಲೂ ಮಾಡುವುದಿಲ್ಲ.

15ರಿಂದ 20ರ ಸುಮಾರಿಗೆ ಬಾಂದ್ರಾ-ವರ್ಲಿ ಸೀ ಲಿಂಕ್. ಬೇರೆ ದಿನ ಕಾಲ್ನಡಿಗೆಯವರನ್ನು ಬಿಡದ ಸೇತುವೆ ಅದು. ಗಾಳಿಯಿದ್ದರೂ ಗಾಳಿಯ ತುಂಬ ತೇವ. ಮೈಸೂರಿನ ಒಣ ಚಳಿಯಲ್ಲಿ ಅಭ್ಯಾಸ ಮಾಡಿದ ಮೈಯ ಬೆವರು ಇಲ್ಲಿ ಆರುವುದಿಲ್ಲ, ಸೋರುತ್ತದೆ. ಈ ಭಾಗ ತಕ್ಕಡಿ ಹಿಡಿದು ಕೂತ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ. ಅವರು ಮಾಡಿದ್ದು ಇಷ್ಟು: ಒಂದು ತಾಸಿನ ಓಟದ ಮುಂಚೆ, ಆಮೇಲೆ, ಮೈ ಒರೆಸಿ ಕನಿಷ್ಠ ಬಟ್ಟೆಯಲ್ಲಿ ತೂಕ ಬರೆದರು. ಇಳಿದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರು ಬೆವರು, ನಡುವೆ ಕುಡಿದದ್ದನ್ನು ಕೂಡಿಸಿಕೊಳ್ಳಬೇಕು. ಈ ಲೆಕ್ಕದ ಮೇಲೆ, ಬಾಯಾರಿಕೆ ನೋಡಿಕೊಂಡು, ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಸಾಕಾಯಿತು.

"ಕುಡಿ, ಇನ್ನೂ ಕುಡಿ" ಎಂದು ಒತ್ತಾಯ ಮಾಡದಿದ್ದದ್ದಕ್ಕೆ ಇವರಿಗೆ ಬೇರೆಯೇ ಒಂದು ನಮಸ್ಕಾರ ಸಲ್ಲಬೇಕು. ಐದಾರು ತಾಸು ಓಡುವ ನಿಧಾನದವರು ಪ್ರತಿ ಮೇಜಿನಲ್ಲೂ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯುತ್ತದೆ, ವಾಕರಿಕೆ, ತಲೆನೋವು, ಮಾತು ತೊದಲು. ನೋಡಿದವರು ನಿರ್ಜಲೀಕರಣವೆಂದು ಇನ್ನಷ್ಟು ನೀರು ಕೊಟ್ಟರೆ ಜೀವಕ್ಕೇ ಅಪಾಯ. ಅಂಥವರಿಗೆ ನೀರು ನಿಲ್ಲಿಸಿ ನೇರ ವೈದ್ಯಕೀಯ ಡೇರೆಗೆ ಕರೆದೊಯ್ಯಬೇಕು. ಮನೆಯಲ್ಲಿ ಕಲಸಿಕೊಟ್ಟ ಪಾನಕದ ಅಳತೆ: ಒಂದು ಲೀಟರು ನೀರು, 60 ಗ್ರಾಂ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು, ಎರಡು ನಿಂಬೆಹಣ್ಣು. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಿಸಿದರೆ ಹೊಟ್ಟೆಯಿಂದ ಬೇಗ ಇಳಿಯದೆ ಗುಳುಗುಳು ಎನ್ನುತ್ತದೆ. ಜೆಲ್ (ಓಡುತ್ತಾ ತಿನ್ನುವ, ಪೊಟ್ಟಣದ ಸಿಹಿ ಪೇಸ್ಟು) ತಿನ್ನುವಾಗ ಮಾತ್ರ ಮೇಲೆ ಬರೀ ನೀರು.

21 ಮತ್ತು 22 ತೀರಿಕೊಂಡವರಿಗೆ. ಅಜ್ಜ, ಅಜ್ಜಿ, ಒಬ್ಬರ ತಂದೆ. ಹೊಸಬರು ಇವರ ಹೆಸರನ್ನು ಕೊನೆಗೆ ಇಡಬೇಕೆಂದಿದ್ದರು. ಬೇಡ ಎಂದವರು ನಾವೇ. ಮೈ ದಣಿದು 38 ದಾಟಿದಾಗ ಅಳು ತಡೆಯುವುದಿಲ್ಲ, ಗಂಟಲು ಬಿಗಿದು ಉಸಿರಿನ ಲಯ ಮುರಿಯುತ್ತದೆ, ಲಯ ಮುರಿದರೆ ನಡಿಗೆಯೇ ಗತಿ. ಅರ್ಧ ದಾರಿಯಲ್ಲಿ ಉಸಿರೂ ಕಾಲೂ ಒಂದು ಹದಕ್ಕೆ ಬಂದಿರುತ್ತವೆ, ನೆನಪಿಗೆ ಅಲ್ಲಿ ಜಾಗವಿದೆ.

23ರಿಂದ 30ರವರೆಗಿನದು ಸಣ್ಣಪುಟ್ಟ ಉಪಕಾರಗಳ ರಾಶಿ. ಅರ್ಧ ಸೈಜು ದೊಡ್ಡ ಷೂ ತೆಗೆದುಕೊಳ್ಳಿ ಎಂದು ಹಟ ಹಿಡಿದ ಅಂಗಡಿಯ ಹುಡುಗನಿಗೆ ಒಂದು. ಓಡುತ್ತಾ ಪಾದ ಊದುತ್ತದೆ, ಮುಂದೆ ಹೆಬ್ಬೆರಳಿನಗಲ ಜಾಗವಿಲ್ಲದಿದ್ದರೆ ಉಗುರು ಕಪ್ಪಾಗಿ ಕಳಚುತ್ತದೆ. ತೊಡೆಸಂದು, ಕಂಕುಳಿಗೆ ವ್ಯಾಸಲಿನ್, ಗಂಡಸರಿಗೆ ಎದೆತೊಟ್ಟಿನ ಮೇಲೆ ಮೈಕ್ರೋಪೋರ್ ಟೇಪು ಎಂದು ಮುಜುಗರವಿಲ್ಲದೆ ಹೇಳಿಕೊಟ್ಟ ನೆರೆಮನೆಯ ನರ್ಸ್ ಅಕ್ಕನಿಗೆ ಎರಡು. ಕೊಬ್ಬರಿ ಎಣ್ಣೆ ಸಾಕೆಂದವರಿದ್ದರು, ಅದು ಬೆವರಿನ ಜೊತೆ ಇಳಿದುಹೋಗುತ್ತದೆ. ಓಟದ ದಿನ ನೋವಿನ ಮಾತ್ರೆ ನುಂಗಕೂಡದು ಎಂದು ಗದರಿದ ಬೀದಿಯ ಡಾಕ್ಟರಿಗೆ ಮೂರು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ಬೆವರಿ ಒಣಗಿದ ಮೈಗೆ ಅದು ಎರಡನೇ ಪೆಟ್ಟು. ಕೊನೆಯ ಮೂರು ವಾರ ಓಟ ಇಳಿಸುತ್ತಾ ಬಂದಾಗ ಸುಮ್ಮನೆ ಕೂರಲಾಗದೆ ಎಲ್ಲರ ಮೇಲೂ ಸಿಡುಕಿದ್ದನ್ನು ನುಂಗಿಕೊಂಡ ಆಫೀಸಿನ ಗೆಳೆಯರಿಗೆ ಉಳಿದ ಎರಡು.

31ರಿಂದ 35 ಮಕ್ಕಳಿಗೆ. ಅಭ್ಯಾಸದ ಅತಿ ಉದ್ದದ ಓಟ 32ಕ್ಕೇ ನಿಂತಿತ್ತು, ಏಕೆಂದರೆ ಅದಕ್ಕಿಂತ ಹೆಚ್ಚು ಓಡಿದರೆ ಚೇತರಿಸಿಕೊಳ್ಳಲು ಬೇಕಾದ ದಿನಗಳು ಲಾಭವನ್ನೆಲ್ಲ ತಿಂದುಹಾಕುತ್ತವೆ. ಹಾಗಾಗಿ ಈ ನೆಲ ಹೊಸತು, ಗ್ಲೈಕೋಜೆನ್ ಬರಿದಾಗುವುದೂ ಇಲ್ಲೇ. ಕಾಲು ಭಾರ, ತಲೆ ಮಂಕು, ಸುಲಭದ ಕೂಡುವ ಲೆಕ್ಕವೂ ಬರುವುದಿಲ್ಲ. ಇದು ಬಂದಮೇಲೆ ತಿಂದರೆ ತಡವಾಯಿತು. ಎಂಟನೇ ಕಿ.ಮೀ.ಯಿಂದಲೇ ಅರ್ಧ ಗಂಟೆಗೊಮ್ಮೆ 20, 25 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಒಂದು ಜೆಲ್ ಅಥವಾ ಬೀಜ ತೆಗೆದ ಸಣ್ಣ ಖರ್ಜೂರ ನಾಲ್ಕು, ಹೋಗುತ್ತಿರಬೇಕು. ಆ ಖರ್ಜೂರದ ಬೀಜ ತೆಗೆದು, ಪುಟ್ಟ ಜಿಪ್ ಕವರಿಗೆ ನಾಲ್ಕು ನಾಲ್ಕರಂತೆ ತುಂಬಿ, ಕವರಿನ ಮೇಲೆ ಗಂಟೆ ನಿಮಿಷ ಬರೆದುಕೊಟ್ಟವರು ಮಕ್ಕಳು. ಒಂದು ಕವರಿನ ಮೇಲೆ "ಅಪ್ಪಾ ಮರೀಬೇಡ" ಎಂದಿತ್ತು.

35 ದಾಟಿದ ಮೇಲೆ ಪೆಡ್ಡರ್ ರೋಡಿನ ಏರು. ಹೋಗುವಾಗ ಬೆಳಗಿನ ಕತ್ತಲಲ್ಲಿ ಇದೇ ರಸ್ತೆಯ ಏರು ಗೊತ್ತೇ ಆಗಿರುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆ ಹತ್ತಿದವರಿಗೆ ಇದು ದಿಬ್ಬವೆನ್ನಲೂ ಸಾಲದು, ಆದರೆ ಬಿಸಿಲು ಏರಿ, ಬೆನ್ನಿಗೆ 35 ಕಿ.ಮೀ. ಇದ್ದಾಗ ಬೆಟ್ಟದ ಅಳತೆ ಬೇರೆ. ಇಲ್ಲಿ ವೇಗ ನೋಡಬಾರದು, ಹೆಜ್ಜೆ ಚಿಕ್ಕದು ಮಾಡಿ ಕೈ ಬೀಸಬೇಕು. ಈ ಎರಡು ಕಿಲೋಮೀಟರು ಹೆಸರು ಗೊತ್ತಿಲ್ಲದ ಮುಂಬೈಯವರಿಗೆ. ಕಟ್ಟಡಗಳಿಂದ ಇಳಿದುಬಂದು ಬಿಡಿಸಿದ ಕಿತ್ತಳೆ ತೊಳೆ, ಚಿಕ್ಕಿ, ಉಪ್ಪು, ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. ನೋವಿನ ಸ್ಪ್ರೇ ಹಿಡಿದವರೂ ಇರುತ್ತಾರೆ. ಚರ್ಮ ಉಜ್ಜಿಹೋಗಿದ್ದರೆ ಅದನ್ನು ಹಾಕಿಸಿಕೊಳ್ಳಬೇಡಿ, ಉರಿ ತಡೆಯಲಾಗದು. ಬಾಟಲಿ ಮುಚ್ಚಳ, ಕಿತ್ತಳೆ ಸಿಪ್ಪೆಯ ಮೇಲೆ ಕಾಲಿಟ್ಟು ಜಾರದಂತೆ ಗುಡಿಸುತ್ತಲೇ ಇದ್ದ ಪೌರಕಾರ್ಮಿಕರಿಗೆ ಪ್ರತ್ಯೇಕವಾಗಿ 38.

39ರಿಂದ 41 ಮರೀನ್ ಡ್ರೈವಿನ ಬಿಸಿಲು. ನೆರಳಿಲ್ಲ, ರಸ್ತೆ ಮುಗಿಯುವಂತೆ ಕಾಣುವುದಿಲ್ಲ. ಅದು ನಮ್ಮ ಬಳಗದೊಳಗಿನ ಜೊತೆಗಾರರಿಗೆ, ಒಬ್ಬರು ಕುಂಟಿದಾಗ ಮೂವರು ನಿಧಾನಿಸಿದರಲ್ಲ, ಅವರಿಗೆ. 42ನೆಯದು ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಬಂದು, ಬೇಲಿಗೆ ಒತ್ತಿ ನಿಂತು ಹೆಸರು ಕೂಗಿದವರಿಗೆ. ಕೊನೆಯ 195 ಮೀಟರನ್ನು ಯಾರಿಗೂ ಕೊಡಲಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೇರಿಕೊಂಡು 1921ರಲ್ಲಿ ಕಾಯಮ್ಮಾದ ಅಳತೆ ಅದು, ಓಡಿದವರು ಅದನ್ನು ತಮಗೇ ಇಟ್ಟುಕೊಳ್ಳಲಿ.

ಗೆರೆ ದಾಟಿದ ಮೇಲಿನ ಹೊತ್ತು ಪಟ್ಟಿಯಲ್ಲಿಲ್ಲ, ಕೆಲಸ ಮಾತ್ರ ಅಲ್ಲೂ ಇತ್ತು. ಓಟ ಥಟ್ಟನೆ ನಿಂತರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುವುದು ನಿಂತು ತಲೆ ಸುತ್ತುತ್ತದೆ. ಆದ್ದರಿಂದ ತೋಳು ಹಿಡಿದು ಹತ್ತು ಹದಿನೈದು ನಿಮಿಷ ನಡೆಸಿದ, ಒದ್ದೆ ಅಂಗಿ ಬಿಚ್ಚಿಸಿ ಒಣದು ತೊಡಿಸಿದ, ಕುಸಿದ ಒಬ್ಬರನ್ನು ಅಂಗಾತ ಮಲಗಿಸಿ ಕಾಲನ್ನು ಎದೆಗಿಂತ ಮೇಲೆತ್ತಿ ಹಿಡಿದ ಭಾವಂದಿರಿಗೆ, ಮೈದುನಂದಿರಿಗೆ ಶರಣು. ಒಂದು ತಾಸಿನೊಳಗೆ ಮೊಸರನ್ನ, ಬೇಯಿಸಿದ ಮೊಟ್ಟೆ ತಂದುಕೊಟ್ಟವರಿಗೂ.

ಇನ್ನು ಮನೆಯವರಿಗೆ ಒಂದು ಮಾಹಿತಿ. ಫುಲ್ ಆದಮೇಲೆ ಎರಡು ವಾರ ಜೋರಾಗಿ ಓಡುವಂತಿಲ್ಲ, ಉದ್ದ ಓಟವಂತೂ ಇಲ್ಲವೇ ಇಲ್ಲ. ನಡಿಗೆ, ಮೂರು ನಾಲ್ಕು ದಿನದ ನಂತರ ಇಪ್ಪತ್ತು ನಿಮಿಷದ ಹಗುರ ಓಟ, ಅಷ್ಟೇ. ಅಂದರೆ ಎರಡು ಭಾನುವಾರ ಇವರು ಪೂರ್ತಿ ಖಾಲಿ. ಮಾರ್ಕೆಟ್ಟಿನ ಚೀಲ, ಮಕ್ಕಳ ಹೋಂವರ್ಕು, ಬರುವ ನೆಂಟರು, ಏನಿದ್ದರೂ ಒಪ್ಪಿಸಿಬಿಡಿ. ಮೆಟ್ಟಿಲು ಇಳಿಯುವ ಕೆಲಸ ಮಾತ್ರ ಮೊದಲ ನಾಲ್ಕು ದಿನ ಹೇಳಬೇಡಿ.