ಭಾನುವಾರದ ಚರ್ಚೆ: ಲೀಡರ್ ಎಂಜಿನ್

ಸದಸ್ಯರ ಗಮನಕ್ಕೆ,
ಈ ಭಾನುವಾರ ಬ್ರಿಟನ್ನಿನ ‘ಲೀಡರ್’ ಉಗಿ ಎಂಜಿನ್ ಬಗ್ಗೆ ಮಾತಾಡೋಣ. ಡೀಸೆಲ್ ಎಂಜಿನ್ನಿನ ಹಾಗೆ ಎರಡೂ ತುದಿಗೆ ಚಾಲಕರ ಕ್ಯಾಬಿನ್ ಇಟ್ಟು ರೈಲ್ವೆ ಎಂಜಿನಿಯರ್ ಆಲಿವರ್ ಬುಲೀಡ್ ರೂಪಿಸಿದ್ದು. 1949ರಲ್ಲಿ ಬ್ರೈಟನ್ ಕಾರ್ಖಾನೆಯಿಂದ ಹೊರಬಂತು. ಒಳಗೆ ಓಡಾಡಲು ಓಣಿ ಬೇಕಲ್ಲ, ಅದಕ್ಕೆ ಬಾಯ್ಲರನ್ನೇ ಒಂದು ಬದಿಗೆ ಸರಿಸಿದರು. ತೂಕ ಒಂದೇ ಕಡೆ ಬಿತ್ತು! ಸರಿದೂಗಿಸಲು ಅದೇ ಓಣಿಗೆ ಕಬ್ಬಿಣ ತುಂಬಿದರು. ಕಲ್ಲಿದ್ದಲು ಹಾಕುವವನ ಪಾಡಂತೂ ಕೇಳಬೇಡಿ: ನಡುವಿನ ಇಕ್ಕಟ್ಟಾದ ಗೂಡಿನಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಸೆಕೆ. ಹಳಿ ಮೇಲೆ ಓಡಿದ್ದು 36001 ನಂಬರಿನ ಎಂಜಿನ್ ಒಂದೇ, ಅದೂ ಪ್ರಯೋಗಕ್ಕೆ; 1951ಕ್ಕೆ ಗುಜರಿ ಸೇರಿತು.

ನಕ್ಷೆ, ಹಳೇ ಫೋಟೊ ಇದ್ದವರು ಶನಿವಾರ ರಾತ್ರಿಯೊಳಗೆ ಹಾಕಿ. ಗುಡ್ ಮಾರ್ನಿಂಗ್ ಚಿತ್ರಗಳು ದಯವಿಟ್ಟು ಬೇಡ.