‘ಬರೀ ಕ್ರ್ಯಾಶ್ ತಾನೆ?’ ಎಂದು ಪ್ಯಾಚ್ ಮುಂದೂಡಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಭದ್ರತೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಯಾರದೋ ಮಾಹಿತಿ ಕಳುವಾದಾಗ ಮಾತ್ರ. ಸುದ್ದಿಯ ಕೊನೆಗೆ ‘ತಂತ್ರಾಂಶ ಅಪ್‌ಡೇಟ್ ಮಾಡಿಕೊಳ್ಳಿ’ ಎಂಬ ಒಂದು ಸಾಲಿನ ಬುದ್ಧಿಮಾತೂ ಇರುತ್ತದೆ. ಮಾತು ಸರಿಯೇ. ಆದರೆ ಯಾವ ಪ್ಯಾಚನ್ನು (ದೋಷ ಸರಿಪಡಿಸುವ ತಿದ್ದುಪಡಿಯನ್ನು) ಯಾವಾಗ ಹಾಕಬೇಕು, ಹಾಕಿದ್ದು ನಿಜಕ್ಕೂ ಕೆಲಸಕ್ಕೆ ಬಂತೇ ಎಂದು ಹೇಗೆ ನೋಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಸರ್ವರ್ ನೋಡಿಕೊಳ್ಳುವವರಲ್ಲೂ ಒಂದು ರೂಢಿ ಬೇರೂರಿದೆ: ‘ಭದ್ರತೆ’ ಎಂಬ ಚೀಟಿ ಅಂಟಿಸಿಕೊಂಡು ಬಂದ ಪ್ಯಾಚು ಇವತ್ತೇ ಆಗಬೇಕು, ‘ವಿಶ್ವಾಸಾರ್ಹತೆ’ ಎಂಬ ಚೀಟಿಯದು ಬಿಡುವಾದಾಗ ನೋಡಿದರಾಯಿತು. ಈ ರೂಢಿ ತಪ್ಪು ಎಂದು ತೋರಿಸಲು ಓಪನ್‌ಬಿಎಸ್‌ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಓಪನ್‌ಬಿಎಸ್‌ಡಿ ಒಂದು ಮುಕ್ತ ತಂತ್ರಾಂಶ ಕಾರ್ಯಾಚರಣಾ ವ್ಯವಸ್ಥೆ. 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಕವಲೊಡೆದು, ಕೆನಡಾದ ಕ್ಯಾಲ್ಗರಿಯಲ್ಲಿರುವ ಥಿಯೋ ಡಿ ರಾಟ್ ಅವರ ಮುಂದಾಳತ್ವದಲ್ಲಿ ನಡೆದುಬಂದಿದೆ. ಹೆಸರು ಕೇಳದವರೂ ಅದರ ಋಣದಲ್ಲಿದ್ದಾರೆ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ದೂರದ ಸರ್ವರ್‌ಗೆ ಲಾಗಿನ್ ಆಗಲು ದಿನವಿಡೀ ಬಳಸುವ ಓಪನ್‌ಎಸ್‌ಎಸ್‌ಎಚ್ ಹುಟ್ಟಿದ್ದು ಅಲ್ಲಿಯೇ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಆವೃತ್ತಿಗೂ ಒಂದು ತಿದ್ದುಪಡಿ ಪುಟ ಇರುತ್ತದೆ. ಅದರಲ್ಲಿ 001ರಿಂದ ಶುರುವಾಗುವ ಕ್ರಮಸಂಖ್ಯೆ, ದಿನಾಂಕ, ಯಾವ ಪ್ರೊಸೆಸರ್‌ಗಳಿಗೆ ಅನ್ವಯ, ದೋಷದ ಬಗ್ಗೆ ಒಂದೆರಡು ವಾಕ್ಯ. ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಸೆಕ್ಯೂರಿಟಿ ಫಿಕ್ಸ್’ (ಭದ್ರತೆ) ಅಥವಾ ‘ರಿಲಯಬಿಲಿಟಿ ಫಿಕ್ಸ್’ (ವಿಶ್ವಾಸಾರ್ಹತೆ).

ಈಗ 2007ಕ್ಕೆ ಬರೋಣ. ಐಪಿವಿ6 (ಹೊಸ ತಲೆಮಾರಿನ ಇಂಟರ್‌ನೆಟ್ ವಿಳಾಸ ಪದ್ಧತಿ) ಜಾಲದಲ್ಲಿ, ಜಾಲದ ಸ್ಥಿತಿಗತಿ ತಿಳಿಸುವ ಐಸಿಎಂಪಿ ಪ್ಯಾಕೆಟ್ಟುಗಳನ್ನು ಒಂದು ಬಗೆಯಲ್ಲಿ ತುಂಡರಿಸಿ ಕಳಿಸಿದರೆ ಓಪನ್‌ಬಿಎಸ್‌ಡಿಯ ಕರ್ನಲ್ (ವ್ಯವಸ್ಥೆಯ ತಿರುಳು) ಕುಸಿಯುತ್ತದೆ ಎಂದು ಕೋರ್ ಸೆಕ್ಯೂರಿಟಿ ಎಂಬ ಸಂಸ್ಥೆ ಫೆಬ್ರುವರಿಯಲ್ಲಿ ತಿಳಿಸಿತು. ಕರ್ನಲ್ ತನಗೆ ಬಂದ ಪ್ಯಾಕೆಟ್ಟುಗಳನ್ನು ‘ಎಂಬಫ್’ ಎಂಬ ಚಿಕ್ಕ ಡಬ್ಬಿಗಳಲ್ಲಿ ಇಡುತ್ತದೆ. ಒಂದೊಂದು 256 ಬೈಟ್. ಅಷ್ಟು ಸಾಲದಿದ್ದರೆ 2048 ಬೈಟ್‌ಗಳ ದೊಡ್ಡ ಡಬ್ಬಿಯೊಂದನ್ನು ಜೋಡಿಸಿಕೊಳ್ಳುತ್ತದೆ. ಡಬ್ಬಿಯಲ್ಲಿದ್ದುದನ್ನು ನಕಲು ಮಾಡುವ ಫಂಕ್ಷನ್‌ನಲ್ಲಿ ಉದ್ದದ ಲೆಕ್ಕ ತಪ್ಪಿತ್ತು. ಪಾವಿನಲ್ಲಿ ಸೇರು ಸುರಿದಂತೆ ಹೆಚ್ಚಾದ ಬೈಟುಗಳು ತುಳುಕಿ ಪಕ್ಕದ ಮೆಮೊರಿಯ ಮೇಲೆ ಬೀಳುತ್ತಿದ್ದವು. ಬಿದ್ದದ್ದು ಕಸವಾದರೆ ಯಂತ್ರ ನಿಲ್ಲುತ್ತದೆ. ಏನು ಬೀಳಬೇಕೆಂದು ಕಳಿಸುವವನೇ ಆರಿಸಬಲ್ಲನಾದರೆ ಯಂತ್ರ ನಿಲ್ಲುವುದಿಲ್ಲ, ಅವನು ಹೇಳಿದ ಕೆಲಸ ಮಾಡುತ್ತದೆ. ಎರಡೂ ಒಂದೇ ದೋಷ.

ಯೋಜನೆಯವರು ಬೇಗನೆ ತಿದ್ದಿದರು. ಆದರೆ ಕಂಡದ್ದು ಕುಸಿತ ಮಾತ್ರವಾದ್ದರಿಂದ ಅದಕ್ಕೆ ‘ರಿಲಯಬಿಲಿಟಿ’ ಚೀಟಿ ಅಂಟಿಸಿದರು. ಕೆಲವೇ ದಿನಗಳಲ್ಲಿ ಕೋರ್ ಸೆಕ್ಯೂರಿಟಿಯವರು ಅದೇ ದೋಷವನ್ನು ಬಳಸಿ ಕರ್ನಲ್‌ನಲ್ಲಿ ತಮ್ಮ ಕೋಡ್ ಓಡಿಸಿ ತೋರಿಸಿದರು. ಮಾರ್ಚ್ 7ಕ್ಕೆ ಚೀಟಿ ಬದಲಾಗಿ ‘ಸೆಕ್ಯೂರಿಟಿ’ ಆಯಿತು. ‘ಮೂಲ ಸ್ಥಾಪನೆಯಲ್ಲಿ ಹೊರಗಿನಿಂದ ನುಗ್ಗುವ ರಂಧ್ರ ಒಂದೇ ಒಂದು’ ಎಂದು ಜಾಲತಾಣದ ನೆತ್ತಿಯ ಮೇಲೆ ಹೆಮ್ಮೆಯಿಂದ ಬರೆದುಕೊಂಡಿದ್ದ ಸಾಲಿನಲ್ಲಿ ‘ಒಂದು’ ಹೋಗಿ ‘ಎರಡು’ ಬಂತು. ಮೊದಲ ದಿನವೇ ತಿದ್ದುಪಡಿ ಹಾಕಿಕೊಂಡವರಿಗೆ ಇದು ಬರೀ ಸುದ್ದಿ. ಚೀಟಿ ನೋಡಿ ಮುಂದೂಡಿದವರು ಅಷ್ಟು ದಿನ ಬಾಗಿಲು ತೆರೆದಿಟ್ಟು ಮಲಗಿದ್ದರು.

ಚೀಟಿ ಅಂಟಿಸಿದವರನ್ನು ದೂರುವುದು ಸುಲಭ. ಆದರೆ ದೋಷ ತಿದ್ದಲು ಒಂದು ದಿನ ಸಾಕಾದರೆ, ಅದರಿಂದ ನುಗ್ಗಬಹುದೇ ಎಂದು ಸಾಧಿಸಲು ವಾರಗಳು ಹಿಡಿಯಬಹುದು. ಚೀಟಿ ಹೇಳುವುದು ತಿದ್ದಿದ ದಿನ ಏನು ಗೊತ್ತಿತ್ತು ಎಂಬುದನ್ನಷ್ಟೇ. ತಿದ್ದುಪಡಿ ಹೊರಬಿದ್ದ ಮೇಲೆ ಹಳೆಯ ಸಾಲಿಗೂ ಹೊಸ ಸಾಲಿಗೂ ಇರುವ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ; ದೋಷ ಎಲ್ಲಿತ್ತೆಂದು ಆ ವ್ಯತ್ಯಾಸವೇ ಬೆರಳಿಟ್ಟು ತೋರಿಸುತ್ತದೆ.

ಇದರ ಇನ್ನೊಂದು ಮಗ್ಗುಲು 2024ರ ಜುಲೈನಲ್ಲಿ ಕಂಡಿತು. ಓಪನ್‌ಎಸ್‌ಎಸ್‌ಎಚ್‌ನ ಸಿವಿಇ-2024-6387 ಎಂಬ ದಾಖಲೆ ಸಂಖ್ಯೆಯ ದೋಷ ಲಿನಕ್ಸ್ ಸರ್ವರ್‌ಗಳನ್ನು ನಡುಗಿಸಿತ್ತು. ಲಾಗಿನ್ ಆಗಲು ಕೊಟ್ಟ 120 ಸೆಕೆಂಡು ಮುಗಿದರೆ ಒಂದು ಅಲಾರಂ ಸಿಗ್ನಲ್ ಬರುತ್ತದೆ. ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಲಾಗ್‌ಗೆ ಒಂದು ಸಾಲು ಬರೆಯಲು ಓಡುತ್ತದೆ. ಜಿಲಿಬ್‌ಸಿ ಎಂಬ ಲೈಬ್ರರಿ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಇರುವ ಲಿನಕ್ಸ್‌ನಲ್ಲಿ ಆ ಸಾಲು ಬರೆಯಲು ಮತ್ತೆ ಮೆಮೊರಿ ಕೇಳಬೇಕಾಗುತ್ತದೆ. ಅರ್ಧಕ್ಕೆ ಬಿಟ್ಟದ್ದೂ ಮೆಮೊರಿ ಹಂಚುವ ಕೆಲಸವೇ ಆಗಿದ್ದರೆ, ಗಲ್ಲಾ ಎಣಿಸುವಾಗಲೇ ಇನ್ನೊಬ್ಬ ಕೈ ಹಾಕಿದಂತೆ ಲೆಕ್ಕ ಕೆಡುತ್ತದೆ. ಆ ಕೆಟ್ಟ ಲೆಕ್ಕದಿಂದ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ಪಡೆಯಬಹುದಿತ್ತು. 2006ರಲ್ಲಿ ತಿದ್ದಿದ್ದ ದೋಷವೇ 8.5ನೇ ಆವೃತ್ತಿಯಲ್ಲಿ ಮರಳಿ ನುಸುಳಿತ್ತು, 9.8ರಲ್ಲಿ ಮತ್ತೆ ಸರಿಹೋಯಿತು. ಓಪನ್‌ಬಿಎಸ್‌ಡಿಗೆ ಮಾತ್ರ ಇದು ತಟ್ಟಲಿಲ್ಲ. ಸಿಗ್ನಲ್ ನಡುವೆ ಕರೆದರೂ ಲೆಕ್ಕ ಕೆಡದಂಥ ಲಾಗ್ ಫಂಕ್ಷನ್ ಒಂದನ್ನು ಅವರು 2001ರಲ್ಲೇ ಬರೆದಿಟ್ಟಿದ್ದರು. ಅದು ಅಚ್ಚುಕಟ್ಟಾಗಿ ನಡೆಯಲಿ ಎಂಬ ಕಾಳಜಿಯ ಕೆಲಸ. 23 ವರ್ಷಗಳ ನಂತರ ಭದ್ರತೆಯಾಗಿ ಒದಗಿತು.

ಭದ್ರತೆಯ ಮಾತು ಬಿಟ್ಟರೂ ಕುಸಿತ ಸಣ್ಣದಲ್ಲ. ಕಚೇರಿಗೊಂದೇ ಫೈರ್‌ವಾಲ್, ಅದಕ್ಕೆ ಮಾನಿಟರೂ ಇಲ್ಲ ಕೀಬೋರ್ಡೂ ಇಲ್ಲ ಎಂದುಕೊಳ್ಳಿ. ಓಪನ್‌ಬಿಎಸ್‌ಡಿಯ ಕರ್ನಲ್ ಪ್ಯಾನಿಕ್ ಆದಾಗ (ಕುಸಿದಾಗ) ತಾನಾಗಿ ರೀಬೂಟ್ ಆಗುವುದಿಲ್ಲ. ‘ಡಿಡಿಬಿ’ ಎಂಬ ಡಿಬಗರ್‌ಗೆ (ದೋಷ ಹುಡುಕುವ ಸಾಧನಕ್ಕೆ) ಇಳಿದು, ಯಾರಾದರೂ ಕೀಲಿ ಒತ್ತಲಿ ಎಂದು ಕಾಯುತ್ತ ಕೂರುತ್ತದೆ. ಬೆಳಗ್ಗೆ ಯಾರೋ ಪ್ಲಗ್ ಕಿತ್ತು ಹಾಕುವವರೆಗೂ ಜಾಲ ಇಲ್ಲ. ಇಂಥ ಪೆಟ್ಟಿಗೆಯ ಸಿಸ್‌ಕಂಟ್ರೋಲ್ (sysctl.conf) ಕಡತದಲ್ಲಿ ‘ಡಿಡಿಬಿ.ಪ್ಯಾನಿಕ್’ ಬೆಲೆಯನ್ನು 0 ಮಾಡಿಡಬೇಕು. ಆಗ ಕ್ರ್ಯಾಶ್ ಡಂಪ್ (ಕುಸಿದ ಕ್ಷಣದ ಮೆಮೊರಿಯ ಪ್ರತಿ) ಉಳಿಸಿ ತಾನೇ ಮೇಲೇಳುತ್ತದೆ.

ಇನ್ನು ಪ್ಯಾಚ್ ಹಾಕುವ ಕ್ರಮ. ಮೊದಲೆಲ್ಲ ಸೋರ್ಸ್ ಇಳಿಸಿಕೊಂಡು ಕಂಪೈಲ್ ಮಾಡಬೇಕಿತ್ತು. 2017ರ 6.1ನೇ ಆವೃತ್ತಿಯಿಂದ ‘ಸಿಸ್‌ಪ್ಯಾಚ್’ ಎಂಬ ಆದೇಶ ಬಂದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಿಗೂ 64 ಬಿಟ್‌ನ ಆರ್ಮ್ ಯಂತ್ರಗಳಿಗೂ ಇದು ಸಿಗುತ್ತದೆ. ಉಳಿದ ಪ್ರೊಸೆಸರ್‌ಗಳವರಿಗೆ ಇಂದಿಗೂ ಕಂಪೈಲ್ ಮಾಡುವುದೇ ದಾರಿ. ರೂಟ್ ಆಗಿ ‘ಸಿಸ್‌ಪ್ಯಾಚ್ -ಸಿ’ ಕೊಟ್ಟರೆ ಬಾಕಿ ಇರುವ ಪ್ಯಾಚುಗಳ ಹೆಸರು ಬರುತ್ತದೆ. ಬಾಕಿ ಇಲ್ಲದಿದ್ದರೆ ಏನೂ ಬರುವುದಿಲ್ಲ. ಹಾಗಾಗಿ ಇದನ್ನು ರೂಟ್‌ನ ಕ್ರಾನ್‌ಟ್ಯಾಬ್ ಎಂಬ ವೇಳಾಪಟ್ಟಿಯಲ್ಲಿ ದಿನಕ್ಕೊಮ್ಮೆ ಓಡುವಂತೆ ಇಟ್ಟರೆ, ಪ್ಯಾಚ್ ಬಂದ ದಿನ ಮಾತ್ರ ಮೇಲ್ ಬರುತ್ತದೆ. ಬರಿದೇ ‘ಸಿಸ್‌ಪ್ಯಾಚ್’ ಎಂದರೆ ಎಲ್ಲವನ್ನೂ ಕ್ರಮವಾಗಿ ಹಾಕುತ್ತದೆ. ಕೆಲವೊಮ್ಮೆ ಪ್ಯಾಚು ಆ ಆದೇಶವನ್ನೇ ತಿದ್ದುವಂಥದ್ದಾಗಿರುತ್ತದೆ. ಆಗ ‘ಮತ್ತೊಮ್ಮೆ ಓಡಿಸಿ’ ಎಂದು ಹೇಳಿ ನಿಲ್ಲುತ್ತದೆ. ಅನೇಕರು ಆ ಸಾಲು ಓದದೆ ಎದ್ದುಹೋಗುತ್ತಾರೆ, ಮಿಕ್ಕವು ಹಾಗೇ ಉಳಿಯುತ್ತವೆ. ಹಾಕಿದ್ದರಿಂದ ತೊಂದರೆಯಾದರೆ ಸಣ್ಣ ‘ಆರ್’ ಕೊಟ್ಟು ಕೊನೆಯದೊಂದನ್ನು ಹಿಂತೆಗೆಯಬಹುದು. ದೊಡ್ಡ ‘ಆರ್’ ಕೊಟ್ಟರೆ ಹಾಕಿದ್ದೆಲ್ಲವೂ ಹೋಗುತ್ತದೆ, ಎಚ್ಚರ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಕನ್ನಡದಲ್ಲಿ ಪ್ಯಾಚ್ ಎಂದರೆ ತೇಪೆ. ಹರಿದಲ್ಲಿ ಹಾಕಿದರೆ ಮುಗಿಯಿತು, ಉಟ್ಟ ಬಟ್ಟೆಗೇ ಹೊಲಿಯಬಹುದು. ಕಂಪ್ಯೂಟರ್‌ನಲ್ಲಿ ಹಾಗಲ್ಲ. ಪ್ಯಾಚು ಬದಲಿಸುವುದು ಡಿಸ್ಕಿನಲ್ಲಿರುವ ಕಡತವನ್ನು. ಓಡುತ್ತಿರುವುದು ಮೆಮೊರಿಯಲ್ಲಿರುವ ಹಳೆಯ ಪ್ರತಿ. ಕರ್ನಲ್ ಪ್ಯಾಚಾದರೆ ಸಿಸ್‌ಪ್ಯಾಚ್ ಹೊಸ ಕರ್ನಲ್ ಅನ್ನು ಕಟ್ಟಿ, ರೀಬೂಟ್ ಮಾಡಿ ಎಂದು ಹೇಳುತ್ತದೆ. ರೀಬೂಟ್ ಆಗುವವರೆಗೆ ರಂಧ್ರ ಇದ್ದಲ್ಲೇ ಇರುತ್ತದೆ. ಆದರೆ ಬಾಕಿ ಪಟ್ಟಿ ಖಾಲಿ ತೋರಿಸುತ್ತದೆ, ಪರೀಕ್ಷಿಸುವವರು ಸರಿ ಹಾಕಿ ಹೋಗುತ್ತಾರೆ. ನಿಜ ತಿಳಿಯಬೇಕೆಂದರೆ ‘ಸಿಸ್‌ಕಂಟ್ರೋಲ್ ಕರ್ನ್.ವರ್ಷನ್’ (sysctl kern.version) ನೋಡಬೇಕು. ಕರ್ನಲ್ ಪ್ಯಾಚ್ ಹಾಕಿ ರೀಬೂಟ್ ಮಾಡಿದ್ದರೆ ಆ ಸಾಲಿನಲ್ಲಿ ಕರ್ನಲ್ ಕಟ್ಟಿದ ಯಂತ್ರದ ಹೆಸರು ‘ಸಿಸ್‌ಪ್ಯಾಚ್’ ಎಂದು ಶುರುವಾಗುತ್ತದೆ, ಪಕ್ಕದಲ್ಲಿ ಕಟ್ಟಿದ ದಿನಾಂಕ ಇರುತ್ತದೆ. ಆ ದಿನಾಂಕವನ್ನು ತಿದ್ದುಪಡಿ ಪುಟದ ಕೊನೆಯ ಕರ್ನಲ್ ಪ್ಯಾಚಿನ ದಿನಾಂಕದೊಂದಿಗೆ ಹೋಲಿಸಿ.

ಲೈಬ್ರರಿ ಪ್ಯಾಚುಗಳದು ಇನ್ನೂ ಮೋಸದ ಕಥೆ. ಗೂಢಲಿಪಿ ಕೆಲಸದ ಲಿಬ್‌ಕ್ರಿಪ್ಟೋ ಲೈಬ್ರರಿ ತಿದ್ದಿದರೆ ಅದನ್ನು ಬಳಸುವ ವೆಬ್ ಸರ್ವರ್, ಮೇಲ್ ಸರ್ವರ್ ಪ್ರತಿಯೊಂದೂ ಹಳೆಯದನ್ನೇ ಹಿಡಿದುಕೊಂಡು ಓಡುತ್ತಿರುತ್ತವೆ. ಒಂದೊಂದನ್ನೂ ಮರುಪ್ರಾರಂಭಿಸಬಹುದು. ಆದರೆ ಯಾವುದು ಬಿಟ್ಟುಹೋಯಿತೆಂದು ಹುಡುಕುವ ಹೊತ್ತಿಗೆ ಎರಡು ಸಲ ರೀಬೂಟ್ ಮಾಡಿರಬಹುದು. 400 ದಿನದ ಅಪ್‌ಟೈಮ್ (ರೀಬೂಟ್ ಇಲ್ಲದೆ ಓಡಿದ ಕಾಲ) ತೋರಿಸಿ ಬೀಗುವವರಿದ್ದಾರೆ. 400 ದಿನದಿಂದ ಒಂದೂ ಕರ್ನಲ್ ಪ್ಯಾಚ್ ಜಾರಿಗೆ ಬಂದಿಲ್ಲ ಎಂದು ಅವರೇ ಒಪ್ಪಿಕೊಂಡಂತಾಯಿತು.

ರೀಬೂಟ್‌ಗೆ ಹೆದರುವುದಕ್ಕೆ ನಮ್ಮಲ್ಲಿ ಕಾರಣವೂ ಇದೆ: ಕರೆಂಟು. ಕರ್ನಲ್ ಕಟ್ಟುವಾಗಲೇ ಹೋದರೆ? 2017ರ 6.2ರಿಂದ ಪ್ರತಿ ಬೂಟ್‌ನಲ್ಲೂ ಕರ್ನಲ್‌ನ ತುಣುಕುಗಳನ್ನು ಕಲಸಿ, ಬೇರೆ ಕ್ರಮದಲ್ಲಿ ಜೋಡಿಸಿ ಮುಂದಿನ ಬೂಟ್‌ಗೆ ಹೊಸ ಕರ್ನಲ್ ಸಿದ್ಧವಾಗುತ್ತದೆ. ಯಾವ ಫಂಕ್ಷನ್ ಎಲ್ಲಿದೆ ಎಂದು ದಾಳಿಕೋರ ಊಹಿಸದಿರಲಿ ಎಂದು. ಹೊಸದನ್ನು ಮೊದಲು ಬೇರೆ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುತ್ತಾರೆ. ನಡುವೆ ಕರೆಂಟು ಹೋದರೆ ಹಳೆಯ ಕರ್ನಲ್ ಉಳಿದಿರುವಂತೆ. ಅಪಾಯ ಇರುವುದು ಫೈಲ್ ಸಿಸ್ಟಂನಲ್ಲಿ. ಅದಕ್ಕೆ ಜರ್ನಲ್ (ಬದಲಾವಣೆಗಳ ಮುಂಗಡ ದಾಖಲೆ) ಇಲ್ಲ. ಒರಟಾಗಿ ನಿಂತರೆ ಮುಂದಿನ ಬೂಟ್‌ನಲ್ಲಿ ಅದನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡುತ್ತದೆ, ತನ್ನಿಂದಾಗದಿದ್ದರೆ ಸಿಂಗಲ್ ಯೂಸರ್ ಶೆಲ್‌ಗೆ (ಆದೇಶ ಟೈಪ್ ಮಾಡುವ ತುರ್ತು ಪರದೆಗೆ) ಬಿಟ್ಟು ‘ಕೈಯಾರೆ ಮಾಡಿ’ ಎನ್ನುತ್ತದೆ. ಅಲ್ಲಿ ಎಫ್‌ಎಸ್‌ಸಿಕೆಗೆ ‘-ವೈ’ ಸೇರಿಸಿ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕರ್ನಲ್ಲೇ ಬೂಟ್ ಆಗದಿದ್ದರೆ ಬೂಟ್ ಪ್ರಾಂಪ್ಟ್‌ನಲ್ಲಿ ‘ಬಿಎಸ್‌ಡಿ.ಆರ್‌ಡಿ’ ಎಂಬ, ಸ್ಥಾಪನೆಗೂ ರಿಪೇರಿಗೂ ಬಳಸುವ ಕರ್ನಲ್‌ನ ಹೆಸರು ಕೊಟ್ಟು ಒಳಬಂದು, ಶೆಲ್ ಆರಿಸಿಕೊಂಡು ರಿಪೇರಿ ಮಾಡಬಹುದು. ಆ ಕಡತವನ್ನು ಜಾಗ ತಿನ್ನುತ್ತದೆ ಎಂದು ಅಳಿಸಬೇಡಿ. ಫೈರ್‌ವಾಲ್ ಪೆಟ್ಟಿಗೆ ತಿನ್ನುವ ವಿದ್ಯುತ್ತು ಅಲ್ಪ; ಚಿಕ್ಕ ಯುಪಿಎಸ್ ಸಾಕು.

ಇನ್ನೆರಡು ಕಡೆ ಪ್ಯಾಚ್ ಕೈಕೊಡುತ್ತದೆ. ಡಿಸ್ಕ್ ಚಿಕ್ಕದಿದ್ದು ‘ಯುಎಸ್‌ಆರ್’ ವಿಭಾಗ ತುಂಬಿದ್ದರೆ ಕರ್ನಲ್ ಮರುಜೋಡಣೆಗೆ ಜಾಗ ಸಾಲುವುದಿಲ್ಲ. ಮೊದಲು ‘ಡಿಎಫ್ -ಎಚ್’ ಕೊಟ್ಟು ಉಳಿದ ಜಾಗ ನೋಡಿಕೊಳ್ಳಿ. ಯಾರಾದರೂ ಸ್ವಂತ ಕರ್ನಲ್ ಕಟ್ಟಿಕೊಂಡಿದ್ದರೆ ಅದರ ಚೆಕ್‌ಸಮ್ (ಕಡತದ ಗುರುತು ಸಂಖ್ಯೆ) ದಾಖಲೆಗೆ ಹೊಂದದೆ ಮರುಜೋಡಣೆ ನಿಂತುಹೋಗುತ್ತದೆ, ವೈಫಲ್ಯದ ವಿವರ ಒಂದು ಲಾಗ್ ಕಡತದಲ್ಲಿ ಯಾರೂ ಓದದೆ ಬಿದ್ದಿರುತ್ತದೆ.

ಸಿಸ್‌ಪ್ಯಾಚ್ ಮುಟ್ಟುವುದು ಮೂಲ ವ್ಯವಸ್ಥೆಯನ್ನು ಮಾತ್ರ. ಆಮೇಲೆ ಸೇರಿಸಿದ ಪ್ಯಾಕೇಜುಗಳಿಗೆ ‘ಪಿಕೆಜಿ_ಆಡ್ -ಯು’, ಪ್ರೊಸೆಸರ್ ಮೈಕ್ರೋಕೋಡ್ ಮುಂತಾದ ಫರ್ಮ್‌ವೇರ್‌ಗೆ (ಯಂತ್ರಾಂಶದೊಳಗೇ ಓಡುವ ತಂತ್ರಾಂಶಕ್ಕೆ) ‘ಎಫ್‌ಡಬ್ಲ್ಯು_ಅಪ್‌ಡೇಟ್’. 2023ರಲ್ಲಿ ಎಎಂಡಿ ಪ್ರೊಸೆಸರ್‌ಗಳ ‘ಜೆನ್‌ಬ್ಲೀಡ್’ ದೋಷ ಹೊರಬಿದ್ದಾಗ ಪ್ಯಾಚ್ ಜೊತೆಗೆ ಫರ್ಮ್‌ವೇರನ್ನೂ ನೋಡಿಕೊಳ್ಳಬೇಕಾಯಿತು. ಅಂಥವುಗಳಲ್ಲಿ ತಿದ್ದುಪಡಿ ಪುಟದ ವಾಕ್ಯಗಳನ್ನು ಕೊನೆಯವರೆಗೂ ಓದಿ, ಅದೇ ಕ್ರಮದಲ್ಲಿ ಮಾಡುವುದು ಲೇಸು.

ತಮ್ಮ ತಂತ್ರಜ್ಞಾನ ಪುಟದವರಲ್ಲಿ ಒಂದು ಕೋರಿಕೆ. ಪ್ಯಾಚಿನ ಸುದ್ದಿ ಹಾಕುವಾಗ ‘ರೀಬೂಟ್ ಬೇಕೇ, ಸೇವೆ ಮರುಪ್ರಾರಂಭಿಸಿದರೆ ಸಾಕೇ’ ಎಂಬುದನ್ನೂ, ಯಾವ ಆವೃತ್ತಿಗಳಿಗೆ ಎಂಬುದನ್ನೂ ಸೇರಿಸಿ. ಆವೃತ್ತಿಯ ಮಾತು ಓಪನ್‌ಬಿಎಸ್‌ಡಿಯಲ್ಲಿ ಬಹಳ ಮುಖ್ಯ. ಪ್ಯಾಚು ಸಿಗುವುದು ಇತ್ತೀಚಿನ ಎರಡು ಆವೃತ್ತಿಗಳಿಗೆ ಮಾತ್ರ, ಅಂದರೆ ಒಂದೊಂದಕ್ಕೂ ಸುಮಾರು ಒಂದು ವರ್ಷದ ಆಯುಸ್ಸು. ಅದು ಮುಗಿದ ಯಂತ್ರದಲ್ಲಿ ‘ಸಿಸ್‌ಪ್ಯಾಚ್ -ಸಿ’ ಕೊಟ್ಟರೆ ‘ಅವಧಿ ಮುಗಿದಿದೆ’ ಎಂದು ಬರುವುದಿಲ್ಲ. ಹಳೆಯ ಪ್ಯಾಚುಗಳೆಲ್ಲ ಹಾಕಿದ್ದಾಗಿದ್ದರೆ, ಎಲ್ಲ ಸರಿಯಿದ್ದಾಗ ಹೇಗೆ ಮೌನವೋ ಹಾಗೇ ಮೌನ. ಕ್ರಾನ್ ಮೇಲ್ ಬಂದಿಲ್ಲವೆಂದು ನಿಶ್ಚಿಂತೆಯಿಂದ ವರ್ಷಗಟ್ಟಲೆ ಕಳೆಯಬಹುದು. ಆದ್ದರಿಂದ ‘ಯುನೇಮ್ -ಆರ್’ ಕೊಟ್ಟು ಸಂಖ್ಯೆ ನೋಡಿ. ಅದು ಯೋಜನೆಯ ಜಾಲತಾಣದಲ್ಲಿರುವ ಕೊನೆಯ ಎರಡು ಸಂಖ್ಯೆಗಳಲ್ಲಿ ಒಂದಾಗಿರದಿದ್ದರೆ ಮೊದಲು ಬೇಕಾದದ್ದು ಆವೃತ್ತಿ ಏರಿಸುವ ‘ಸಿಸ್‌ಅಪ್‌ಗ್ರೇಡ್’ ಆದೇಶ. ಅದೂ ಒಂದು ಸಲಕ್ಕೆ ಒಂದೇ ಆವೃತ್ತಿ ಮೇಲೆ. ಮೂರು ಆವೃತ್ತಿ ಹಿಂದಿದ್ದರೆ ಮೂರು ಸಲ ಏರಬೇಕು, ಪ್ರತಿ ಸಲವೂ ಕಾನ್ಫಿಗರೇಷನ್ ಕಡತಗಳನ್ನು ‘ಸಿಸ್‌ಮರ್ಜ್’ನಲ್ಲಿ ಸರಿಪಡಿಸಿಕೊಂಡು, ಕೊನೆಗೆ ಸಿಸ್‌ಪ್ಯಾಚ್ ಓಡಿಸಿ ರೀಬೂಟ್.

– ಒಬ್ಬ ಸಿಸ್ಟಂ ನಿರ್ವಾಹಕ, ಮೈಸೂರು